ಸೊಗಡು ಬಿಡದ ವಿಸ್ಕಿ: ಕಿಲ್‌ಹೋಮನ್ ನಾಕು ಬಾಟ್ಲಿ, ನಾಕು ಬಿಂದಿ

ಮೊದಲೇ ಹೇಳಿಬಿಡ್ತೀನಿ, ನಾನು ವಿಸ್ಕಿ ಪಂಡಿತ ಅಲ್ಲ. ಗ್ಲಾಸ್ಗೋಗೆ ಬಂದು ಒಂಬತ್ತು ವರ್ಷ ಆಯ್ತು, ಮೊದಲ ಎರಡು ವರ್ಷ ಹೊಗೆ ವಿಸ್ಕಿ ಅಂದ್ರೆ ಮೂಗು ಮುಚ್ಕೊಂಡು ಓಡ್ತಿದ್ದೆ, ಆಮೇಲೆ ಅದು ಯಾವಾಗ ಹಿಡೀತೋ ಗೊತ್ತಿಲ್ಲ, ಈಗ ಹೊಗೆ ಇಲ್ದೇ ಇರೋದು ಕುಡಿದ್ರೆ ಒಗ್ಗರಣೆ ಹಾಕೋದು ಮರೆತ ಸಾರು ಕುಡಿದಂಗೆ ಆಗತ್ತೆ. ಹೆಂಡ್ತಿ ಪ್ರಕಾರ ಇದು ಊರು ಬಿಟ್ಟು ಬಂದೋರಿಗೆ ಬರೋ ಕಾಯಿಲೆ. ಇರಬಹುದು.

ಕಳೆದ ಶನಿವಾರ ಇಲ್ಲಿ ಬೆಳಗ್ಗಿಂದ ಒಂದೇ ಸಮ ಮಳೆ, ಅಂದ್ರೆ ಗ್ಲಾಸ್ಗೋ ಲೆಕ್ಕದಲ್ಲಿ ಮಾಮೂಲಿ ದಿನ. ಧಾರವಾಡದ ಗೆಳೆಯ, ಹಾಸನದ ಗೆಳೆಯ, ನಾನು, ಮತ್ತೆ ಕುಡಿಯಲ್ಲ ಆದ್ರೆ ಮೂಸಿ ನೋಡ್ತೀನಿ ಅಂತ ಕೂತ ನನ್ನ ಹೆಂಡ್ತಿ. ಯಾರೂ ಕಾರ್ ತಂದಿರಲಿಲ್ಲ. ಒಂದೇ ಡಿಸ್ಟಿಲರಿಯ ನಾಕು ಬಾಟ್ಲಿ, ನಾಕು ಜನ, ಹೆಸರು ಗೊತ್ತಿಲ್ದಂಗೆ ಮಾರ್ಕ್ಸ್ ಹಾಕೋದು ಅಂತ ಪ್ಲಾನ್. ಹೆಂಡ್ತೀನೇ ಒಳಗಡೆ ಹೋಗಿ ಗ್ಲಾಸಿಗೆ ಸುರಿದು ಒಂದೊಂದರ ತಳಕ್ಕೆ ಒಂದೊಂದು ಬಣ್ಣದ ಸ್ಟಿಕ್ಕರ್ ಬಿಂದಿ ಅಂಟಿಸಿ ತಂದಿಟ್ಲು: ಕೆಂಪು, ಹಸಿರು, ಮೆರೂನ್, ಕಪ್ಪು. ಯಾವುದು ಯಾವುದು ಅಂತ ಅವಳಿಗೊಬ್ಬಳಿಗೇ ಗೊತ್ತು. ಶೆರಿ ಅಂದ್ರೆ ಸ್ಪೇನಿನ ಒಂಥರಾ ವೈನು, ಅದಿದ್ದ ಪೀಪಾಯಲ್ಲಿ ಮಲಗಿದ ವಿಸ್ಕಿ ಬಣ್ಣದಲ್ಲೇ ಸಿಕ್ಕಿಬೀಳತ್ತೆ ಅಂತ ಲೈಟ್ ಬೇರೆ ಡಿಮ್ ಮಾಡಿಸಿದ್ವಿ, ಪಕ್ಕದ ಮನೆಯವ್ರು ನೋಡಿದ್ರೆ ಏನೋ ಮಾಟ ಮಂತ್ರ ನಡೀತಿದೆ ಅಂದ್ಕೊಂಡಿರ್ತಾರೆ.

ಡಿಸ್ಟಿಲರಿ ಕಿಲ್‌ಹೋಮನ್. ಬರೆಯೋದು ನೋಡಿದ್ರೆ ಕಿಲ್ಚೋಮನ್ ಅಂತ ಓದ್ತೀವಿ, ನಾನೂ ಒಂದು ವರ್ಷ ಹಂಗೇ ಅಂತಿದ್ದೆ, ಇಲ್ಲಿಯವ್ರು ಪಾಪ ಯಾರೂ ತಿದ್ದಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಅಂತ ಒಂದು ದ್ವೀಪ ಇದೆ, ಹೊಗೆ ವಿಸ್ಕಿಗೆ ತವರುಮನೆ, ಆರ್ಡ್‌ಬೆಗ್, ಲಾಫ್ರಾಯ್ಗ್, ಲಾಗಾವುಲಿನ್ ಎಲ್ಲಾ ಅಲ್ಲಿಯವೇ, ಎಲ್ಲಾ ಇನ್ನೂರು ವರ್ಷದ ಆಸುಪಾಸಿನ ಅಜ್ಜಂದಿರು. 1881ರಲ್ಲಿ ಅಲ್ಲಿ ಬ್ರೂಕ್‌ಲ್ಯಾಡಿ, ಬುನಹಾವನ್ ಅಂತ ಎರಡು ಶುರುವಾದ್ವು. ಅದಾದ ಮೇಲೆ ಹೊಸದೊಂದು ಡಿಸ್ಟಿಲರಿ ಬರೋಕೆ 124 ವರ್ಷ ಬೇಕಾಯ್ತು, ಅದೇ 2005ರ ಕಿಲ್‌ಹೋಮನ್. ಆಂಥನಿ ವಿಲ್ಸ್ ಅಂತ, ಮುಂಚೆ ಬೇರೆಯವರ ಪೀಪಾಯಿ ಕೊಂಡು ಬಾಟ್ಲಿಗೆ ತುಂಬಿ ಮಾರ್ತಿದ್ದೋರು, ಒಂದು ಬಾರ್ಲಿ ಹೊಲದ ಮಧ್ಯೆ ಹಳೇ ಕೊಟ್ಟಿಗೆ ಕಟ್ಟಡಗಳಲ್ಲಿ ಶುರು ಮಾಡಿದ್ರು. ಶುರು ಆಗಿ ಕೆಲವೇ ತಿಂಗಳಿಗೆ, 2006ರಲ್ಲಿ, ಬಾರ್ಲಿ ಒಣಗಿಸೋ ಗೂಡಿಗೇ ಬೆಂಕಿ ಬಿತ್ತು. ಅಷ್ಟರ ಮೇಲೂ ನಿಂತ್ಕೊಂಡ್ರು.

ಕಾನೂನು ಪ್ರಕಾರ ಸ್ಕಾಚ್ ಅನ್ನಿಸ್ಕೋಬೇಕು ಅಂದ್ರೆ ಓಕ್ ಪೀಪಾಯಲ್ಲಿ ಕನಿಷ್ಠ ಮೂರು ವರ್ಷ ಮಲಗಿರಬೇಕು, ಅಲ್ಲಿವರೆಗೂ ಅದು ಬರೀ ಸ್ಪಿರಿಟ್. ಹಂಗಾಗಿ ಹೊಸ ಡಿಸ್ಟಿಲರಿ ಶುರು ಮಾಡಿದೋರಿಗೆ ಮೂರು ವರ್ಷ ಖರ್ಚೇ ಖರ್ಚು, ವರಮಾನ ಇಲ್ಲ. ತುಂಬಾ ಜನ ಆ ಗ್ಯಾಪಲ್ಲಿ, ಪೀಪಾಯಲ್ಲಿ ಮಲಗಿಸೋ ಗೋಜಿಲ್ಲದ ಜಿನ್ ಮಾಡಿ ಮಾರ್ತಾರೆ. ಕಿಲ್‌ಹೋಮನ್‌ನವ್ರ ಮೊದಲ ವಿಸ್ಕಿ ಬಂದಿದ್ದು 2009ರ ಸೆಪ್ಟೆಂಬರಲ್ಲಿ, ಬರೀ ಮೂರು ವರ್ಷದ ಕೂಸು. ಅಲ್ಲಿನ ಅತಿ ಹಳೇ ಪೀಪಾಯಿಗೂ ಈಗ ಇಪ್ಪತ್ತರ ಆಸುಪಾಸು ವಯಸ್ಸು. ದಿನಾ ಅಂಗಡೀಲಿ ಸಿಗೋ ಬಾಟ್ಲಿಗಳ ಮೇಲೆ ವಯಸ್ಸೇ ಬರೆದಿರಲ್ಲ.

ಇಲ್ಲೇ ಜಗಳ ಶುರುವಾಗೋದು. ಧಾರವಾಡದವನದ್ದು ಒಂದೇ ಹಟ: "ಹನ್ನೆರಡ ವರ್ಷ ಆಗದ ವಿಸ್ಕಿಗೆ ಯಾಕ ಇಷ್ಟ ರೊಕ್ಕ ಕೊಡ್ಬೇಕಲೇ?" ನನ್ನ ವಾದ ಏನಂದ್ರೆ ಎಳನೀರು ಕುಡಿಯುವಾಗ ಯಾರೂ ಇದು ಇನ್ನೂ ಕೊಬ್ಬರಿ ಆಗಿಲ್ಲ ಅಂತ ದೂರಲ್ಲ. ಎಳನೀರು ಎಳನೀರೇ, ಕೊಬ್ಬರಿ ಕೊಬ್ಬರಿಯೇ, ಎರಡೂ ಅದೇ ಮರದ್ದು. ತೊಂದರೆ ಆಗೋದು ಎರಡರ ಮಧ್ಯದ್ದು, ನೀರೂ ಸಿಹಿ ಇಲ್ಲ ಕಾಯೂ ಬಲಿತಿಲ್ಲ ಅನ್ನೋ ಥರದ್ದು. ಎಳೇ ವಿಸ್ಕಿಗಳಲ್ಲಿ ಆ ಥರದ್ದು ಬೇಕಾದಷ್ಟಿವೆ, ಹೊಸ ಡಿಸ್ಟಿಲರಿ ಅಂತ ಪ್ರೀತಿಯಿಂದ ತಗೊಂಡು ಸಿಂಕಿಗೆ ಸುರಿದಿದ್ದೂ ಇದೆ, ಹೆಸರು ಬೇಡ.

ಹೋದ ವರ್ಷ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ಕೆನಕ್ರೇಗ್ ಅಂತ ಜಾಗದಿಂದ ಫೆರಿ, ಎರಡು ಗಂಟೆ ಚಿಲ್ಲರೆ ಸಮುದ್ರ, ಇಳಿದು ದ್ವೀಪದ ಪಶ್ಚಿಮದ ತುದಿಗೆ ಒಂದು ಕಾರು ಮಾತ್ರ ಹಿಡಿಸೋ ರೋಡು, ಎದುರಿಗೆ ಯಾರಾದ್ರೂ ಬಂದ್ರೆ ಒಬ್ಬರು ಪಕ್ಕಕ್ಕೆ ನಿಂತು ಇನ್ನೊಬ್ಬರಿಗೆ ಕೈ ಎತ್ತೋದು, ಕೈ ಎತ್ತಿ ಎತ್ತಿ ನನಗೆ ಚುನಾವಣೆಗೆ ನಿಂತ ಹಂಗಾಯ್ತು. ರಾಕ್‌ಸೈಡ್ ಫಾರ್ಮ್ ಅಂತ ಆ ಹೊಲದ ಹೆಸರು, ಮೊದಲು ಅದರಲ್ಲಿ ಬಾಡಿಗೆಗಿದ್ದೋರು 2015ರಲ್ಲಿ ಹೊಲಾನೇ ಕೊಂಡ್ಕೊಂಡ್ರು. ಸ್ವಲ್ಪ ದೂರಕ್ಕೆ ಮ್ಯಾಕಿರ್ ಬೇ ಅಂತ ಬೀಚು, ನೋಡೋಕೆ ಗೋಕರ್ಣದ ಯಾವುದೋ ಖಾಲಿ ಬೀಚ್ ಥರಾನೇ ಇದೆ ಆದ್ರೆ ಕಾಲಿಟ್ರೆ ಮೂಳೆ ಕೊರೆಯೋ ಚಳಿ, ಈಜೋಕೆ ಇಳೀಬೇಡಿ ಸೆಳೆತ ಇದೆ ಅಂತ ಎಚ್ಚರಿಕೆ ಬೇರೆ. 1918ರ ಅಕ್ಟೋಬರಲ್ಲಿ ಒಟ್ರಾಂಟೊ ಅನ್ನೋ ಹಡಗು ಈ ಕಡಲಲ್ಲೇ ಒಡೆದು 400ಕ್ಕೂ ಹೆಚ್ಚು ಜನ ಹೋದ್ರು, ಅಲ್ಲೇ ಹತ್ತಿರ ಅವರ ಸಮಾಧಿ ಸಾಲು ಇದೆ. ವಿಸ್ಕಿ ಅಂತ ಹೋದೋನು ಅಲ್ಲಿ ಅರ್ಧ ಗಂಟೆ ಸುಮ್ನೆ ನಿಂತಿದ್ದೆ.

ಡಿಸ್ಟಿಲರಿ ಒಳಗೆ ನನಗೆ ಹಿಡಿಸಿದ್ದು ತಾಮ್ರದ ಹಂಡೆಗಳಲ್ಲ, ಎಲ್ಲರೂ ಫೋಟೋ ತೆಗೆಯೋದು ಅದರ ಮುಂದೇನೇ. ನನಗೆ ಹಿಡಿಸಿದ್ದು ನೆಲ. ಮಾಲ್ಟ್ ಅಂದ್ರೆ ನಮಗೆ ರಾಗಿ ಮಾಲ್ಟ್ ಗೊತ್ತಲ್ಲ, ಅದೇ ಲೆಕ್ಕ. ಅಜ್ಜಿ ರಾಗಿ ನೆನೆಸಿ ಬಟ್ಟೇಲಿ ಕಟ್ಟಿ ಮೊಳಕೆ ಬರ್ಸೋರು, ಮೊಳಕೆ ಬಂದ್ರೆ ಒಳಗಿನ ಹಿಟ್ಟು ಸಿಹಿಯಾಗೋಕೆ ಶುರುವಾಗತ್ತೆ, ಆಮೇಲೆ ಒಣಗಿಸಿ ಹುರಿದು ಬೀಸೋದು. ಇಲ್ಲಿ ಬಟ್ಟೆ ಬದಲು ಉದ್ದಾನುದ್ದ ಸಿಮೆಂಟ್ ನೆಲ, ರಾಗಿ ಬದಲು ಬಾರ್ಲಿ, ಟನ್ನುಗಟ್ಟಲೆ. ನೆಲದ ತುಂಬ ಹರಡಿ ದಿನಕ್ಕೆ ಹಲವು ಸಲ ಗೋರ್ತಾರೆ, ಇಲ್ಲಾಂದ್ರೆ ಬೇರು ಬೇರು ಸುತ್ಕೊಂಡು ಚಾಪೆ ಆಗ್ಬಿಡತ್ತೆ, ಒಳಗೆ ಬಿಸಿ ಏರತ್ತೆ. ಈ ಕೆಲಸ ಈಗ ಸ್ಕಾಟ್ಲೆಂಡಲ್ಲಿ ಬೆರಳೆಣಿಕೆ ಡಿಸ್ಟಿಲರಿಗಳು ಮಾತ್ರ ಮಾಡೋದು, ಮಿಕ್ಕವ್ರೆಲ್ಲ ಫ್ಯಾಕ್ಟರಿಯಿಂದ ಮಾಲ್ಟ್ ತರ್ಸ್ಕೋತಾರೆ. ಬಾಗಿಲು ತೆಗೆದ ತಕ್ಷಣ ಒಂದು ವಾಸನೆ ಬಂತು ನೋಡಿ, ಒದ್ದೆ ಹುಲ್ಲು, ಸೌತೆಕಾಯಿ, ಮೊಳಕೆ ಹೆಸರುಕಾಳು ಮೂರೂ ಸೇರಿದಂಗೆ. ಟೂರ್ ಕರ್ಕೊಂಡು ಹೋದ ಹುಡುಗಿ ಒಂದು ಕಾಳು ತಗೊಂಡು ಹೆಬ್ಬೆರಳ ಉಗುರಲ್ಲಿ ಒತ್ತಿ ಉಜ್ಜಿದ್ಲು, ಸೀಮೆಸುಣ್ಣದ ಥರ ಬಿಳೀ ಗೆರೆ ಬಂತು. ಹಂಗೆ ಪುಡಿ ಬಂದ್ರೆ ಮೊಳಕೆ ಸಾಕು, ಒಲೆಗೆ ಹಾಕೋ ಟೈಮು ಅಂತ ಅರ್ಥ. ನಾನೂ ಒಂದು ಉಜ್ಜಿದೆ, ನನ್ನದು ಅಂಟಂಟು ಆಯ್ತು, ಬಹುಶಃ ನನ್ನ ಕೈ ಬೆವರು.

ಒಣಗಿಸೋದು ಪೀಟ್ ಹೊಗೇಲಿ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿ ಬೇರು ಎಲ್ಲಾ, ಅದನ್ನ ಇಟ್ಟಿಗೆ ಥರ ಕತ್ತರಿಸಿ ಬೆರಣಿ ಒಣಗಿಸಿದಂಗೆ ಒಣಗಿಸಿ ಉರಿಸ್ತಾರೆ. ಆ ಹೊಗೆ ಒದ್ದೆ ಕಾಳಿನ ಸಿಪ್ಪೆಗೆ ಹಿಡ್ಕೊಳತ್ತೆ, ಎಷ್ಟು ಹಿಡೀತು ಅನ್ನೋದಕ್ಕೆ ಪಿಪಿಎಂ ಲೆಕ್ಕ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅಂತ. ಇವರ ಸ್ವಂತ ನೆಲದ ಬಾರ್ಲಿಗೆ ಸುಮಾರು 20, ಹೊರಗಿನ ಮಾಲ್ಟ್ ಫ್ಯಾಕ್ಟರಿಯಿಂದ ತರ್ಸೋದಕ್ಕೆ ಸುಮಾರು 50. ಈ ನಂಬರ್ ಕಾಳಿನದ್ದು, ವಿಸ್ಕಿದಲ್ಲ, ಬಟ್ಟಿ ಇಳಿಸುವಾಗ ಅರ್ಧಕ್ಕರ್ಧ ಕಳೆದುಹೋಗತ್ತೆ, ಇದನ್ನ ಬಾರಲ್ಲಿ ಜಂಬ ಕೊಚ್ಚೋರಿಗೆ ಹೇಳಬೇಡಿ ಬೇಜಾರಾಗ್ತಾರೆ.

ಕೊನೇಲಿ ರುಚಿ ನೋಡೋ ಟೈಮಿಗೆ ನಾನೇ ಡ್ರೈವರ್, ಸ್ಕಾಟ್ಲೆಂಡಲ್ಲಿ 2014ರಿಂದ ಕುಡಿದು ಓಡಿಸೋ ಲಿಮಿಟ್ ಇಂಗ್ಲೆಂಡಿಗಿಂತ ಕಮ್ಮಿ, ಹಂಗಾಗಿ ಎಲ್ಲಾ ಚಿಕ್ಕ ಚಿಕ್ಕ ಸೀಸೇಲಿ ತುಂಬಿಸ್ಕೊಂಡು ಮೂಸ್ಕೊಂಡು ವಾಪಸ್ ಬಂದೆ. ಮದುವೆ ಮನೇಲಿ ಊಟದ ಪಂಕ್ತಿ ನೋಡ್ಕೊಂಡು ಬಂದಂಗೆ.

ಸರಿ, ಶನಿವಾರಕ್ಕೆ ಬರೋಣ. ರೂಲ್ಸು ಸಿಂಪಲ್: ಮೊದಲು ಹಂಗೇ, ಆಮೇಲೆ ನಾಕು ಹನಿ ನೀರು, ಮಗಳ ಹಳೇ ಔಷಧಿ ಡ್ರಾಪರಲ್ಲಿ. ಐಸ್ ಇಲ್ಲ. ಮಾರ್ಕ್ಸ್ ನೂರಕ್ಕೆ, ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಥರ, ಮೂವತ್ತೈದಕ್ಕೆ ಪಾಸು. ಒಂದೇ ತಪ್ಪಾಗಿದ್ದು ಧಾರವಾಡದವನು ಶುರುವಿಗೆ ಮುಂಚೇನೇ ತಾನು ತಂದಿದ್ದ ಶೇಂಗಾ ಚಟ್ನಿ ಪುಡಿ ಬೆರಳಲ್ಲಿ ಅದ್ದಿ ತಿಂದುಬಿಟ್ಟಿದ್ದ, ಬೆಳ್ಳುಳ್ಳಿ ಹಾಕಿದ್ದು, ಹಾಗಾಗಿ ಮೊದಲನೇ ಗ್ಲಾಸಿಗೆ ಅವನ ಮಾರ್ಕ್ಸ್ ಲೆಕ್ಕಕ್ಕಿಲ್ಲ ಅಂತ ತೀರ್ಮಾನ ಆಯ್ತು. ಅವನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ.

ಕೆಂಪು ಬಿಂದಿ. ಮೂಸಿದ ತಕ್ಷಣ ನಿಂಬೆಹಣ್ಣು, ಹಿಂದೆ ಹೊಗೆ, ಅದರ ಹಿಂದೆ ವೆನಿಲ್ಲಾ, ಐಸ್‌ಕ್ರೀಮ್ ಅಂಗಡಿ ಪಕ್ಕ ಯಾರೋ ತರಗೆಲೆ ಸುಡ್ತಿದ್ದಂಗೆ. ಧಾರವಾಡದವನು ಗ್ಲಾಸು ದೂರ ಹಿಡಿದು "ಇದೇನಲೇ, ಆಸ್ಪತ್ರಿ ವಾಸನಿ ಬರಾಕತ್ತೈತಿ" ಅಂದ. ಅವನು ಹೇಳಿದ್ದು ತಪ್ಪೇನಲ್ಲ, ಆ ಡೆಟಾಲ್ ಥರದ ವಾಸನೆ ಫೀನಾಲ್‌ದೇ, ಹೊಗೇಲಿ ಇರೋದೇ ಅದು. ಬಾಯಲ್ಲಿ ಎಣ್ಣೆ ಎಣ್ಣೆ ಥರ ಕೂತ್ಕೊಂಡು ಸಿಹಿ ಬಂದು, ಉಪ್ಪು ಬಂದು, ಕೊನೇಲಿ ಮೆಣಸು. ಚುರುಕು. ನೀರು ಹಾಕಿದ್ರೆ ನಿಂಬೆ ಇನ್ನೂ ಮೇಲೆ ಬರತ್ತೆ. ನಾನು 86 ಹಾಕಿದೆ, ಇದು ಮ್ಯಾಕಿರ್ ಬೇನೇ ಅಂತ ಬರೆದೂ ಬಿಟ್ಟೆ, ಸರಿಯಾಗಿತ್ತು. 2012ರಿಂದ ಬರ್ತಿರೋ ಇವರ ದಿನಬಳಕೆ ಬಾಟ್ಲಿ ಇದು, 46 ಪರ್ಸೆಂಟ್, ಹೆಚ್ಚಿನ ಪಾಲು ಬರ್ಬನ್ ಅನ್ನೋ ಅಮೆರಿಕದ ವಿಸ್ಕಿ ಇದ್ದ ಪೀಪಾಯಿದು, ಸ್ವಲ್ಪ ಮಾತ್ರ ಶೆರಿದು. ಬಣ್ಣ ಹಾಕಲ್ಲ, ತಣ್ಣಗೆ ಮಾಡಿ ಸೋಸಲ್ಲ, ಅದಕ್ಕೇ ನೀರು ಹಾಕಿದ್ರೆ ಸ್ವಲ್ಪ ಮಬ್ಬಾಗತ್ತೆ, ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗ್ಬೇಡಿ. ಮನೇಲಿ ಒಂದೇ ಕಿಲ್‌ಹೋಮನ್ ಇಡೋದಾದ್ರೆ ಇದನ್ನೇ ಇಡಿ.

ಮೆರೂನ್ ಬಿಂದಿ. ಒಣದ್ರಾಕ್ಷಿ, ಕಾಫಿ ಚರಟ, ಹೊಗೆ ಸ್ವಲ್ಪ ಹಿಂದಕ್ಕೆ ಸರಿದು ನಿಂತಿದೆ. 82. ಚೆನ್ನಾಗಿದೆ, ಆದ್ರೆ ಹುಣಸೆಹಣ್ಣಿಗೆ ಬೆಲ್ಲ ಜಾಸ್ತಿ ಆದ ಗೊಜ್ಜಿನ ಥರ, ಎರಡನೇ ಗುಟುಕಿಗೆ ಸಾಕು ಅನ್ಸತ್ತೆ. ಸಾನಿಗ್ ಅಂತ ಇದರ ಹೆಸರು, ಮ್ಯಾಕಿರ್ ಬೇಗೆ ಉಲ್ಟಾ, ಇದರಲ್ಲಿ ಶೆರಿ ಪೀಪಾಯಿದೇ ಹೆಚ್ಚು, 2016ರಲ್ಲಿ ಬಂತು. ಧಾರವಾಡದವನು ಇದಕ್ಕೆ 90 ಕೊಟ್ಟ. ಸಿಹಿ ಕಂಡ್ರೆ ಸಾಕು ಅವನಿಗೆ, ಪೇಡಾ ಊರಿನೋನು.

ಕಪ್ಪು ಬಿಂದಿ ನನಗೆ ತಲೆ ಕೆಡಿಸ್ತು. ಬರೀ ಶೆರಿ ಅಂತ ಮೂಗು ಹೇಳ್ತಿತ್ತು, ಖರ್ಜೂರ, ಚರ್ಮದ ಚಪ್ಪಲಿ ಅಂಗಡಿ, ಸುಟ್ಟ ಬೆಲ್ಲ, ಎಲ್ಲಾ ಸರಿ, ಆದ್ರೆ ಬಾಯಲ್ಲಿ ಹೊಗೆ ಮತ್ತೆ ಮೇಲೆದ್ದು ಶೆರಿ ಜೊತೆ ಗುದ್ದಾಡೋಕೆ ಶುರು. ಇಬ್ಬರೂ ಗೆಲ್ಲಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದ್ರೆ ಜಗಳ ಮುಗಿದು ಇಬ್ಬರೂ ಒಂದೇ ಬೆಂಚಲ್ಲಿ ಕೂತಿದ್ರು. ಹಂಗಾಗಿ ಮೊದಲು ಹಾಕಿದ್ದ 79 ಹೊಡೆದು ಹಾಕಿ 84 ಮಾಡಿದೆ. ಲಾಕ್ ಗೋರ್ಮ್ ಇದು, ಡಿಸ್ಟಿಲರಿ ಹತ್ತಿರದ ಸರೋವರದ ಹೆಸರು, ಗೇಲಿಕ್ ಭಾಷೇಲಿ ಗೋರ್ಮ್ ಅಂದ್ರೆ ನೀಲಿ, ನಾನು ನೋಡಿದಾಗ ಡಿಕಾಕ್ಷನ್ ಬಣ್ಣದಲ್ಲಿತ್ತು. ವರ್ಷಕ್ಕೊಂದು ಸಲ ಬಿಡ್ತಾರೆ, ಪ್ರತಿ ಸಲದ್ದೂ ಸ್ವಲ್ಪ ಬೇರೆ ಬೇರೆ ಇರತ್ತೆ, ಅದಕ್ಕೆ ನನ್ನ ಮಾರ್ಕ್ಸ್ ನಿಮ್ಮ ಬಾಟ್ಲಿಗೆ ಹೊಂದದೇ ಇರಬಹುದು.

ಈ ಮಧ್ಯೆ ಹಾಸನದವನು ಅಮೃತ್ ವಿಷಯ ಎತ್ತಿದ. "ನಮ್ಮ ಬೆಂಗಳೂರಿಂದೂ ಎಳೇದೇ ಅಲ್ವಾ, ಅದಕ್ಕ್ಯಾಕೆ ಈ ಹಸಿ ವಾಸನೆ ಬರಲ್ಲ?" ಒಳ್ಳೇ ಪ್ರಶ್ನೆ. ಇಲ್ಲಿ ಚಳಿಗೆ ಪೀಪಾಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗತ್ತೆ, ದೇವತೆಗಳ ಪಾಲು ಅಂತಾರೆ, ಬೆಂಗಳೂರಿನ ಬಿಸಿಲಿಗೆ ಅದು 10 ದಾಟತ್ತೆ. ಕಟ್ಟಿಗೆಯಿಂದ ಬಣ್ಣ ರುಚಿ ಇಳಿಯೋದೂ ಅಷ್ಟೇ ಜೋರು. ಹಂಗಾಗಿ ಅಲ್ಲಿನ ನಾಕು ವರ್ಷ ಇಲ್ಲಿನ ಹತ್ತು ಹನ್ನೆರಡರ ಥರ ಬಲಿತಿರತ್ತೆ, ಇಲ್ಲಿನ ನಾಕು ವರ್ಷ ಅಂದ್ರೆ ಇನ್ನೂ ಕಾಳೇ ಮಾತಾಡ್ತಿರತ್ತೆ. ಇನ್ನೊಂದು ತಮಾಷೆ, ಅಮೃತ್ ಸಿಂಗಲ್ ಮಾಲ್ಟ್, ಅಂದ್ರೆ ಒಂದೇ ಡಿಸ್ಟಿಲರೀಲಿ ಬರೀ ಬಾರ್ಲಿ ಮಾಲ್ಟಿಂದ ಮಾಡಿದ್ದು, ಮೊದಲು ಮಾರಾಟಕ್ಕೆ ಬಂದಿದ್ದು ಬೆಂಗಳೂರಲ್ಲಲ್ಲ, ನಾವು ಕೂತಿದ್ದ ಇದೇ ಗ್ಲಾಸ್ಗೋದಲ್ಲಿ, 2004ರಲ್ಲಿ, ಕಿಲ್‌ಹೋಮನ್ ಹುಟ್ಟೋಕೆ ಒಂದು ವರ್ಷ ಮುಂಚೆ. ಆಮೇಲೆ ಬಂದ ಅವರ ಫ್ಯೂಷನ್ ಇದ್ಯಲ್ಲ, ಅದರಲ್ಲಿ ನಮ್ಮ ದೇಶದ ಬಾರ್ಲಿ ಜೊತೆ ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿ ಸೇರ್ಸ್ತಾರೆ. ಹೆಸರಿಟ್ಟಿದ್ದಕ್ಕೆ ಕಾರಣ ಅದೇ. ಹಾಸನದವನು ಇದು ಕೇಳಿದ ಮೇಲೆ ಒಂದು ಇಂಚು ಎತ್ತರ ಆಗಿ ಕೂತ.

ಈಗ ಹಸಿರು ಬಿಂದಿ. ಮೊದಲ ಸಲ ಮೂಸಿದಾಗ ನಾನು ಏನೂ ಬರೀಲಿಲ್ಲ, ಸುಮ್ನೆ ಕೂತೆ. ಹೊಗೆ ಇದೆ, ಆದ್ರೆ ಕೆಂಪು ಬಿಂದಿಯಷ್ಟು ಜೋರಲ್ಲ. ಮುಂದೆ ಬರೋದು ಕಾಳು. ಹುರಿಹಿಟ್ಟು. ಬೆಣ್ಣೆ. ಕಣದಲ್ಲಿ ಒಕ್ಕಣೆ ಆದ ಮೇಲೆ ಸಂಜೆ ಹುಲ್ಲಿನ ಮೇಲೆ ಬಿದ್ಕೊಂಡ್ರೆ ಬರೋ ವಾಸನೆ. ಬಾಯಿಗೆ ಹಾಕಿದ್ರೆ ಮೊದಲು ಚುರ್ ಅನ್ನತ್ತೆ, 50 ಪರ್ಸೆಂಟ್ ಇದೆ, ಆಮೇಲೆ ಹೂವಿನ ಜೇನು, ಪೇರ್ ಹಣ್ಣು, ಕೊನೇಲಿ ತುಂಬ ಹೊತ್ತು ಬರೀ ಬಾರ್ಲಿ ಗಂಜಿ ಹೊಗೇಲಿ ಕಾಯಿಸಿದಂಗೆ. ಆರು ಹನಿ ನೀರು ಹಾಕಿದೆ, ನಾಕು ಸಾಲಲಿಲ್ಲ. ಹೆಂಡ್ತಿ ಕುಡಿಯಲ್ಲ ಅಂದೋಳು ಮೂಸಿ ನೋಡಿ ಒಂದೇ ಮಾತು ಹೇಳಿದ್ಲು: "ಇದಕ್ಕೆ ಸೊಗಡಿದೆ."

ಅದೇ ಪದ. ನಾನು ಇಷ್ಟು ವರ್ಷ ಹುಡುಕ್ತಿದ್ದಿದ್ದು ಅದೇ ಪದ, ಇಂಗ್ಲಿಷ್ ರಿವ್ಯೂಗಳಲ್ಲಿ ಫಾರ್ಮಿ, ಸೀರಿಯಲ್, ಏನೇನೋ ಬರೀತಾರೆ, ಯಾವುದೂ ಸರಿ ಹೊಂದ್ತಿರಲಿಲ್ಲ. ಡಿಸೆಂಬರ್ ಜನವರೀಲಿ ಅವರೆಕಾಯಿ ಗುಡ್ಡೆ ಹಾಕಿರ್ತಾರಲ್ಲ, ಸಿಪ್ಪೆ ಮೇಲೆ ಎಣ್ಣೆ ಜಿಡ್ಡು, ಬಿಡಿಸಿದ ಕೈ ಎರಡು ದಿನ ಘಮ ಅಂತಿರತ್ತೆ, ನಾವು ಅದನ್ನ ಮೂಸೇ ಕೊಳ್ಳೋದು, ಸೊಗಡಿಲ್ಲಾಂದ್ರೆ ಮುಂದಿನ ಗಾಡಿಗೆ ಹೋಗೋದು. ವಿಸ್ಕಿಗೂ ಅದಿದೆ. ಪೀಪಾಯಲ್ಲಿ ಇಪ್ಪತ್ತು ವರ್ಷ ಮಲಗಿದ್ರೆ ಮರದ ರುಚಿ ಬಂದು ಕೂತ್ಕೊಂಡು ಅದು ಹೊರಟೋಗತ್ತೆ, ಚೆನ್ನಾಗೇ ಇರತ್ತೆ, ಆದ್ರೆ ಅದು ಹಿದುಕಿ ತೊಳೆದು ಫ್ರಿಜ್ಜಲ್ಲಿಟ್ಟ ಅವರೆ. ಧಾರವಾಡದವನಿಗೆ ಸೊಗಡು ವಿವರಿಸೋಕೆ ಹೋಗಿ ಅವರೆಕಾಳು ಸಾರಿನ ಮೇಲೆ ಅರ್ಧ ಗಂಟೆ ಹೋಯ್ತು, ಕೊನೆಗೆ ಅವನು "ಹಂಗಾರ ಹಸಿ ಕಡ್ಲಿ ಗಿಡ ಸುಟ್ಟ ತಿಂದಂಗ ಅನ್ನಪಾ" ಅಂದ. ಅಲ್ಲಿಗೆ ಅವನಿಗೆ ನನಗಿಂತ ಚೆನ್ನಾಗಿ ಅರ್ಥ ಆಗಿತ್ತು. ಆದ್ರೂ 80ಕ್ಕಿಂತ ಮೇಲೆ ಕೊಡಲಿಲ್ಲ, ಹಟಮಾರಿ.

ನಾನು 91 ಕೊಟ್ಟೆ. ಹಾಸನದವನು 92. ಹೆಂಡ್ತಿ ಹೆಸರು ಬಿಚ್ಚಿದಾಗ ಅದು ಹಂಡ್ರೆಡ್ ಪರ್ಸೆಂಟ್ ಐಲಾ. ಈ ಬಾಟ್ಲಿದು ಬಾರ್ಲಿ ಬೆಳೆದಿದ್ದು ಆ ಹೊಲದಲ್ಲೇ, ಮೊಳಕೆ ಬಂದಿದ್ದು ನಾನು ನೋಡಿದ ಆ ನೆಲದ ಮೇಲೇ, ಹೊಗೆ, ಬಟ್ಟಿ, ಪೀಪಾಯಿ, ಬಾಟ್ಲಿ ತುಂಬೋದು ಎಲ್ಲಾ ಅಲ್ಲೇ. 2011ರಿಂದ ವರ್ಷಕ್ಕೊಂದು ಎಡಿಷನ್. ಸುಮ್ನೆ ಮಾರ್ಕೆಟಿಂಗ್ ಅಂದ್ಕೊಂಡಿದ್ದೆ ನಾನು ಮುಂಚೆ, ಹೊಲ ತೋರ್ಸಿ ದುಡ್ಡು ಜಾಸ್ತಿ ತಗೊಳ್ಳೋದು ಅಂತ. ದುಡ್ಡು ಜಾಸ್ತಿ ಹೌದು, ಮ್ಯಾಕಿರ್ ಬೇಗಿಂತ ಸುಮಾರು ಒಂದೂವರೆ ಪಟ್ಟು. ಆದ್ರೆ ಹೆಸರು ಕಾಣದಂಗೆ ಕುಡಿದಾಗಲೂ ಅದೇ ಮೇಲೆ ಬಂತಲ್ಲ, ಇನ್ನೇನು ಹೇಳ್ಲಿ. ಹೊಗೆ ಕಮ್ಮಿ ಇರೋದೂ ಒಂದು ಕಾರಣ ಇರಬೇಕು, 50 ಪಿಪಿಎಂ ಹೊಗೆ ಕೆಳಗೆ ಕಾಳು ಉಸಿರಾಡಲ್ಲ, 20ರಲ್ಲಿ ಆಡತ್ತೆ. ಇದು ನನ್ನ ಥಿಯರಿ, ಡಿಸ್ಟಿಲರಿಯವ್ರು ಹೇಳಿದ್ದಲ್ಲ.

ಒಂದು ದೂರೂ ಇದೆ. ಇವರು ಪೀಪಾಯಿ ಆಟ ಜಾಸ್ತಿ ಆಡ್ತಾರೆ, ಪೋರ್ಟು, ಸೋಟರ್ನ್, ಮಡೀರಾ ವೈನುಗಳಿದ್ದ ಪೀಪಾಯಿ, ಟಕೀಲಾ ಇದ್ದ ಪೀಪಾಯಿ ಅಂತ ಒಂದಾದ ಮೇಲೊಂದು ಲಿಮಿಟೆಡ್ ಎಡಿಷನ್, ಯಾವುದು ತಗೋಬೇಕು ಯಾವುದು ಬಿಡಬೇಕು ತಿಳಿಯಲ್ಲ. ಬಿಸಿಬೇಳೆಬಾತು ಚೆನ್ನಾಗಿ ಮಾಡೋರು ಪನೀರ್ ಬಿಸಿಬೇಳೆಬಾತು, ಚೀಸ್ ಬಿಸಿಬೇಳೆಬಾತು ಅಂತ ಬೋರ್ಡ್ ಹಾಕಿದಂಗೆ. ನಾನು ಅವುಗಳಲ್ಲಿ ಮೂರೋ ನಾಕೋ ಕುಡಿದಿದೀನಿ, ಯಾವುದೂ ಕೆಟ್ಟದಲ್ಲ, ಯಾವುದೂ ಇವತ್ತು ಸರಿಯಾಗಿ ನೆನಪಿಲ್ಲ.

ಹನ್ನೊಂದೂವರೆಗೆ ಎಲ್ಲಾ ಎದ್ರು. ಧಾರವಾಡದವನು ಮಿಕ್ಕ ಸಾನಿಗ್ ಬಾಟ್ಲಿ ಬಗಲಲ್ಲಿ ಇಟ್ಕೊಂಡು ಮಳೇಲೇ ಬಸ್ ಸ್ಟಾಪಿಗೆ ಹೋದ, ಚಟ್ನಿ ಪುಡಿ ಡಬ್ಬ ನಮ್ಮನೇಲೇ ಬಿಟ್ಟ. ಭಾನುವಾರ ಬೆಳಗ್ಗೆ ಕಾಫಿ ಮಾಡೋಕೆ ಅಡುಗೆಮನೆಗೆ ಹೋದ್ರೆ ಸಿಂಕ್ ಪಕ್ಕ ಗ್ಲಾಸುಗಳು ಹಂಗೇ ಇದ್ವು. ಒಂದೊಂದಾಗಿ ಮೂಸಿದೆ. ಮೂರರಲ್ಲಿ ಏನೂ ಇರಲಿಲ್ಲ, ಬರೀ ಮಾಸಿದ ಸಿಹಿ. ಹಸಿರು ಬಿಂದಿದರ ತಳದಲ್ಲಿ ಒಣಗಿದ ಒಂದು ಚೂರು ಜಿಡ್ಡು, ಅದರಲ್ಲಿ ನಮ್ಮ ಹಳೇ ಮನೆ ಬಚ್ಚಲೊಲೆ, ಹಂಡೆ ಕೆಳಗೆ ತೆಂಗಿನ ಗರಿ ತುರುಕಿ ಬೆಂಕಿ ಆರಿದ ಮೇಲೆ ಮಧ್ಯಾಹ್ನದ ಹೊತ್ತು ಬರ್ತಿತ್ತಲ್ಲ, ಆ ವಾಸನೆ. ಇವತ್ತು ಬುಧವಾರ. ಮೂರು ಗ್ಲಾಸು ತೊಳೆದಾಯ್ತು, ಅದೊಂದು ಹಂಗೇ ಇದೆ, ಹೆಂಡ್ತಿ ಎರಡು ಸಲ ಕೇಳಿದ್ಲು.